ಸಾಲವೋ, ಕೈದುಡ್ಡೋ? ಮನೆ ರಿಪೇರಿಯ ಲೆಕ್ಕಾಚಾರ

ಮನೆ ರಿಪೇರಿಗೆ ಕೈ ಹಾಕುವವರು ಮೊದಲು ಕೇಳುವುದು ಬಡ್ಡಿ ಎಷ್ಟು ಅಂತ. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ್ದು ಇನ್ನೊಂದಿದೆ: ಕೆಲಸ ಮುಗಿದು ಮೇಸ್ತ್ರಿಯ ಲೆಕ್ಕ ಚುಕ್ತಾ ಆದ ದಿನ ನಿಮ್ಮ ಖಾತೆಯಲ್ಲಿ ಎಷ್ಟು ಉಳಿದಿರುತ್ತದೆ? ಈ ಸಲ ಆರಿಸಿಕೊಂಡ ಪತ್ರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಅಲ್ಲಿಗೇ ಬರುತ್ತವೆ. ಹೋಲಿಸಲು ಅನುಕೂಲವಾಗಲಿ ಎಂದು ಆದಷ್ಟೂ 5 ಲಕ್ಷದ ಲೆಕ್ಕವನ್ನೇ ಇಟ್ಟುಕೊಂಡಿದ್ದೇವೆ. ಬೇರೆ ಹೇಳದ ಕಡೆ ಬಡ್ಡಿಯನ್ನು ತಿಂಗಳು ತಿಂಗಳು ಉಳಿದ ಅಸಲಿನ ಮೇಲೆ ಹಾಕಿದೆ.

ಪ್ರಶ್ನೆ: ತಾರಸಿ ಸೋರುತ್ತಿದೆ, ಬಚ್ಚಲುಮನೆಯ ಪೈಪುಗಳು ಹಳೆಯವಾಗಿವೆ, ಅಡುಗೆಮನೆಯನ್ನೂ ಹೊಸದಾಗಿ ಮಾಡಿಸಬೇಕೆಂದಿದ್ದೇವೆ. ಒಟ್ಟು ಅಂದಾಜು 5 ಲಕ್ಷ. ಅದರಲ್ಲಿ ಅಡುಗೆಮನೆಗೇ ಅರ್ಧ. ಎಫ್‌ಡಿ, ಉಳಿತಾಯ ಖಾತೆ ಎಲ್ಲ ಸೇರಿ 6 ಲಕ್ಷ ಇದೆ. ಎಫ್‌ಡಿಗೆ ಶೇ. 7 ಬರುತ್ತಿದೆ, ಸಾಲ ಶೇ. 12ಕ್ಕೆ ಸಿಗುತ್ತದೆ. ತಿಂಗಳ ಖರ್ಚು 40 ಸಾವಿರ. ಸುಮ್ಮನೆ ಕೈಯಲ್ಲಿರುವ ದುಡ್ಡು ಹಾಕಿ ಮುಗಿಸಿಬಿಡುವುದು ಒಳ್ಳೆಯದಲ್ಲವೇ?

ಉತ್ತರ: ಬಡ್ಡಿ ಒಂದನ್ನೇ ನೋಡಿದರೆ ಹೌದು. ಏಳು ಬರುವ ದುಡ್ಡನ್ನು ಬ್ಯಾಂಕಿನಲ್ಲಿಟ್ಟು ಹನ್ನೆರಡು ಕೊಟ್ಟು ಸಾಲ ತರುವುದರಲ್ಲಿ ಅರ್ಥವಿಲ್ಲ. ಆ ಏಳಕ್ಕೂ ತೆರಿಗೆ ಬಿದ್ದರೆ ಅಂತರ ಇನ್ನೂ ಹಿಗ್ಗುತ್ತದೆ. 5 ಲಕ್ಷವನ್ನು ಶೇ. 12ಕ್ಕೆ 5 ವರ್ಷಕ್ಕೆ ತಂದರೆ ಕಂತು 11,122. ಒಟ್ಟು ಬಡ್ಡಿ ಸುಮಾರು 1.67 ಲಕ್ಷ. ಸಾಲದ ಬದಲು ಸ್ವಂತ ದುಡ್ಡು ಹಾಕಿ, ಅದೇ 11,122ನ್ನು ಪ್ರತಿ ತಿಂಗಳು ನಿಮ್ಮದೇ ಖಾತೆಗೆ ಕಟ್ಟುತ್ತಾ ಹೋದರೆ, ಬಿಡಿಗಾಸು ಬಡ್ಡಿ ಬರದಿದ್ದರೂ 45 ತಿಂಗಳಲ್ಲಿ 5 ಲಕ್ಷ ಮತ್ತೆ ತುಂಬುತ್ತದೆ. ಬ್ಯಾಂಕಿಗಾದರೆ ಅದನ್ನೇ 60 ತಿಂಗಳು ಕಟ್ಟಬೇಕು. ಕೈದುಡ್ಡು ಹಾಕುವುದರ ಲಾಭ ಆ 15 ಕಂತು. ಆದರೆ ಲಾಭ ಸಿಗುವುದು ನಿಮಗೆ ನೀವೇ ಕಂತು ಕಟ್ಟಿಕೊಂಡರೆ ಮಾತ್ರ. ಬ್ಯಾಂಕು ಕಂತು ತಪ್ಪಿದರೆ ಫೋನು ಮಾಡುತ್ತದೆ, ಉಳಿತಾಯ ಖಾತೆ ಮಾಡುವುದಿಲ್ಲ. ಖಾತೆಯಿಂದ ತಾನಾಗಿ ಆರ್‌ಡಿಗೆ (ತಿಂಗಳು ತಿಂಗಳು ಕಟ್ಟುವ ಠೇವಣಿಗೆ) ಹೋಗುವಂತೆ ಕೆಲಸ ಶುರುವಾಗುವ ಮೊದಲೇ ಬರೆದುಕೊಟ್ಟುಬಿಡಿ.

ಇಷ್ಟಾದರೂ ನಿಮ್ಮ ವಿಷಯದಲ್ಲಿ ಪೂರ್ತಿ ಕೈದುಡ್ಡು ಬೇಡ. ಹಳೆಯ ಮನೆಯಲ್ಲಿ 5 ಲಕ್ಷದ ಅಂದಾಜು 6 ಲಕ್ಷ ಮುಟ್ಟುವುದು ಅಪರೂಪವೇನಲ್ಲ. ಅಲ್ಲಿಗೆ ನಿಮ್ಮ ಖಾತೆ ಖಾಲಿ. ಮರುವಾರವೇ ಯಾರಾದರೂ ಆಸ್ಪತ್ರೆಗೆ ಸೇರಿದರೆ ಆಗ ಸಿಗುವುದು ಕ್ರೆಡಿಟ್ ಕಾರ್ಡಿನ ಸಾಲ, ಶೇ. 12ರದ್ದಲ್ಲ. ಕನಿಷ್ಠ 6 ತಿಂಗಳ ಖರ್ಚು, ಅಂದರೆ 2.4 ಲಕ್ಷ, ಯಾವ ಕಾರಣಕ್ಕೂ ಮುಟ್ಟಬಾರದು.

ಹಾಗಾಗಿ ಕೆಲಸವನ್ನು ಒಡೆಯಿರಿ. ತಾರಸಿ, ಬಚ್ಚಲುಮನೆ ಮೊದಲು: 2.5 ಲಕ್ಷ, ಅಂದಾಜು ಮೀರಿದರೆ ಇರಲಿ ಎಂದು ಅದರ ಮೇಲೆ ಶೇ. 20 ಸೇರಿ 3 ಲಕ್ಷ. ಇದು ಕೈದುಡ್ಡಿನಲ್ಲಿ ಆಗಲಿ. 3 ಲಕ್ಷ ಉಳಿಯುತ್ತದೆ. ಇವೆರಡನ್ನು ಮುಂದೂಡಬೇಡಿ. ಸ್ಲ್ಯಾಬಿಗೆ ಇಳಿದ ನೀರು ಒಳಗಿನ ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಅದು ಉಬ್ಬಿ ಕೆಳಗಿನ ಕಾಂಕ್ರೀಟನ್ನು ಒದ್ದು ಬೀಳಿಸುತ್ತದೆ. ಇವತ್ತು ಮೇಲೆ ವಾಟರ್‌ಪ್ರೂಫಿಂಗ್ ಮಾಡಿದರೆ ಮುಗಿಯುವ ಕೆಲಸಕ್ಕೆ ಆಮೇಲೆ ಕೆಳಗಿನಿಂದ ಆಸರೆ ಕೊಟ್ಟು, ಸಡಿಲ ಕಾಂಕ್ರೀಟು ಕೆತ್ತಿ, ಸರಳು ಉಜ್ಜಿ, ಹೊಸದಾಗಿ ಮೆತ್ತಬೇಕಾಗುತ್ತದೆ. ಆ ಖರ್ಚಿನ ಮುಂದೆ ಯಾವ ಬ್ಯಾಂಕಿನ ಬಡ್ಡಿಯೂ ಸಣ್ಣದೇ.

ಅಡುಗೆಮನೆಗೆ ಎರಡು ದಾರಿ. ತಿಂಗಳಿಗೆ 11,122ರಂತೆ ಕೂಡಿಟ್ಟರೆ 23 ತಿಂಗಳಲ್ಲಿ 2.5 ಲಕ್ಷ ಕೈಗೆ ಬರುತ್ತದೆ. ಈಗಲೇ ಬೇಕೆಂದರೆ 2.5 ಲಕ್ಷವನ್ನು ಮಾತ್ರ 24 ತಿಂಗಳಿಗೆ ಸಾಲ ಮಾಡಿ: ಕಂತು 11,768, ಒಟ್ಟು ಬಡ್ಡಿ ಸುಮಾರು 32,400. ಅಂದರೆ ಎರಡು ವರ್ಷ ಕಾಯದೆ ಇರುವುದಕ್ಕೆ ನೀವು ತೆರುವ ಬೆಲೆ 32 ಸಾವಿರ. ಅಷ್ಟು ಕೊಡಬಹುದೋ ಬೇಡವೋ ಎಂಬುದು ದಿನಾ ಆ ಅಡುಗೆಮನೆಯಲ್ಲಿ ನಿಲ್ಲುವವರು ಹೇಳಬೇಕಾದ ಮಾತು.

ಪ್ರಶ್ನೆ: ಈಗಾಗಲೇ ಗೃಹಸಾಲ ಇದೆ. ಅದರ ಮೇಲೆ 5 ಲಕ್ಷ ಟಾಪ್‌ಅಪ್ ಶೇ. 9ಕ್ಕೆ, 15 ವರ್ಷಕ್ಕೆ ಕೊಡುತ್ತಾರಂತೆ. ಪರ್ಸನಲ್ ಲೋನ್ ಆದರೆ ಶೇ. 12, 5 ವರ್ಷ. ಕಂತಿನಲ್ಲಿ ಅರ್ಧಕ್ಕರ್ಧ ವ್ಯತ್ಯಾಸ. ಟಾಪ್‌ಅಪ್ಪೇ ಅಗ್ಗ ತಾನೇ?

ಉತ್ತರ: ಕಂತು ಅಗ್ಗ, ಸಾಲ ದುಬಾರಿ. ಶೇ. 9, 15 ವರ್ಷಕ್ಕೆ ಕಂತು 5,071. ಆದರೆ ಒಟ್ಟು ಬಡ್ಡಿ 4.13 ಲಕ್ಷ. ಶೇ. 12, 5 ವರ್ಷಕ್ಕೆ 1.67 ಲಕ್ಷ. ದರ ಕಡಿಮೆಯಿದ್ದರೂ ಬಡ್ಡಿ ಎರಡೂವರೆ ಪಟ್ಟು. ಬಣ್ಣ, ಫಾಲ್ಸ್ ಸೀಲಿಂಗ್‌ಗಳಂಥ ಕೆಲಸಕ್ಕೆ 15 ವರ್ಷದ ಸಾಲ ಮಾಡಿದರೆ, ಮತ್ತೆರಡು ಸಲ ಬಣ್ಣ ಬಳಿಸಿದ ಮೇಲೂ ಮೊದಲನೆಯದರ ಕಂತು ಕಟ್ಟುತ್ತಲೇ ಇರುತ್ತೀರಿ. ಕೆಲಸದ ಬಾಳಿಕೆಗಿಂತ ಸಾಲದ ಆಯಸ್ಸು ಹೆಚ್ಚಿರಬಾರದು.

ಹಾಗೆಂದು ಟಾಪ್‌ಅಪ್ಪನ್ನು ತಳ್ಳಿಹಾಕಬೇಕಿಲ್ಲ. ಅದನ್ನೇ 5 ವರ್ಷಕ್ಕೆ ಕೇಳಿ. ಕಂತು 10,379, ಒಟ್ಟು ಬಡ್ಡಿ 1.23 ಲಕ್ಷ, ಪರ್ಸನಲ್ ಲೋನ್‌ಗಿಂತ 44 ಸಾವಿರ ಕಡಿಮೆ. ಅವಧಿ ಕಡಿಮೆ ಮಾಡಲು ಒಪ್ಪದಿದ್ದರೆ 15 ವರ್ಷಕ್ಕೇ ತೆಗೆದುಕೊಂಡು ತಿಂಗಳಿಗೆ 10,379 ಕಟ್ಟಿ. ಹೆಚ್ಚುವರಿ ಕಟ್ಟಿದ್ದು ಅದೇ ತಿಂಗಳು ಅಸಲಿಗೆ ಜಮೆಯಾಗುತ್ತದೆಯೇ, ಮುಂಚಿತ ಪಾವತಿಗೆ ದಂಡ ಇದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಕೌಂಟರಿನಲ್ಲಿ ಬಾಯಿಮಾತಿಗೆ 'ಆಗುತ್ತೆ ಸರ್' ಅಂದದ್ದು ಲೆಕ್ಕಕ್ಕಿಲ್ಲ.

ಇನ್ನು ಮೂರು ವಿಷಯ. ಟಾಪ್‌ಅಪ್‌ನ ದರ ಸಾಮಾನ್ಯವಾಗಿ ಏರಿಳಿಯುವಂಥದ್ದು. ದರ ಏರಿದಾಗ ಎಷ್ಟೋ ಸಲ ಕಂತು ಹಾಗೇ ಇದ್ದು ಅವಧಿ ಬೆಳೆಯುತ್ತದೆ. ಆರಂಭದಲ್ಲೇ ದರ ಶೇ. 9ರಿಂದ 11ಕ್ಕೆ ಏರಿತು, ಕಂತು 5,071ರಲ್ಲೇ ನಿಂತಿತು ಎಂದುಕೊಳ್ಳಿ: 180 ತಿಂಗಳ ಸಾಲ 257 ತಿಂಗಳಾಗುತ್ತದೆ. ಕಂತು ಬದಲಾಗಿಲ್ಲವಲ್ಲ ಎಂದು ನೆಮ್ಮದಿಯಿಂದಿದ್ದವರಿಗೆ ಆರು ವರ್ಷಕ್ಕೂ ಮಿಕ್ಕಿ ಹೆಚ್ಚು ಬಿದ್ದಿರುತ್ತದೆ. ಎರಡನೆಯದು, ಟಾಪ್‌ಅಪ್‌ಗೆ ಅಡಮಾನ ನಿಮ್ಮ ಮನೆ. ಗೃಹಸಾಲದ ಕಂತೇ ಕಷ್ಟದಲ್ಲಿ ಸಾಗುತ್ತಿದ್ದರೆ ಬಣ್ಣ, ಬೀರುಗಳ ಸಾಲವನ್ನು ಅದೇ ಮನೆಯ ಮೇಲೆ ಹೇರಬೇಡಿ. ಮೂರನೆಯದು ಸಣ್ಣದು: ಕಾನೂನು ಪರಿಶೀಲನೆ, ಆಸ್ತಿ ಮೌಲ್ಯಮಾಪನ ಅಂತ ಹಾಕುವ ಶುಲ್ಕ ಸಾಲ ಸಣ್ಣದಾದರೂ ಅಷ್ಟಾಗಿ ಇಳಿಯುವುದಿಲ್ಲ. ಲಕ್ಷ, ಒಂದೂವರೆ ಲಕ್ಷದ ಕೆಲಸಕ್ಕೆ ಆ ಓಡಾಟ ಗಿಟ್ಟುವುದು ಕಡಿಮೆ.

ಪ್ರಶ್ನೆ: ಒಬ್ಬರು 'ಬರೀ ಶೇ. 7, ಫ್ಲಾಟ್' ಅನ್ನುತ್ತಿದ್ದಾರೆ. ಇನ್ನೊಬ್ಬರು ಶೇ. 12 ಅನ್ನುತ್ತಾರೆ. ಇಷ್ಟೊಂದು ಅಂತರ ಹೇಗೆ?

ಉತ್ತರ: ಅಂತರ ಇರುವುದು ಹೇಳುವ ಬಗೆಯಲ್ಲಿ. ಫ್ಲಾಟ್ ಅಂದರೆ ನೀವು ಅಸಲು ತೀರಿಸುತ್ತಾ ಬಂದರೂ ಕೊನೆಯ ತಿಂಗಳವರೆಗೆ ಪೂರ್ತಿ 5 ಲಕ್ಷಕ್ಕೇ ಬಡ್ಡಿ. ವರ್ಷಕ್ಕೆ 35 ಸಾವಿರದಂತೆ 5 ವರ್ಷಕ್ಕೆ 1.75 ಲಕ್ಷ, ಕಂತು 11,250. ಉಳಿದ ಅಸಲಿನ ಮೇಲಿನ ಬಡ್ಡಿಗೆ ಬದಲಾಯಿಸಿ ನೋಡಿದರೆ ಇದು ಶೇ. 12.5. ಏಳೆಂದವರದ್ದೇ ಹನ್ನೆರಡಕ್ಕಿಂತ ದುಬಾರಿ!

ನೀವೇ ಪರೀಕ್ಷಿಸಬಹುದು. ಸ್ಪ್ರೆಡ್‌ಶೀಟಿನಲ್ಲಿ 'ರೇಟ್' ಎಂಬ ಸೂತ್ರವಿದೆ. ಅದಕ್ಕೆ ಕಂತುಗಳ ಸಂಖ್ಯೆ, ಮೈನಸ್ ಚಿಹ್ನೆ ಹಾಕಿ ಕಂತಿನ ಮೊತ್ತ, ಆಮೇಲೆ ಕೈಗೆ ಬರುವ ಹಣ, ಈ ಮೂರನ್ನು ಇದೇ ಕ್ರಮದಲ್ಲಿ ಕೊಡಿ. ಬಂದ ಉತ್ತರವನ್ನು 12ರಿಂದ ಗುಣಿಸಿದರೆ ವಾರ್ಷಿಕ ದರ. 'ಕೈಗೆ ಬರುವ ಹಣ' ಎಂದದ್ದನ್ನು ಗಮನಿಸಿ. 5 ಲಕ್ಷ ಮಂಜೂರಾಗಿ ಶೇ. 2 ಪ್ರೊಸೆಸಿಂಗ್ ಫೀ ಕಳೆದು 4.9 ಲಕ್ಷ ಬಂದರೆ 4.9 ಲಕ್ಷವನ್ನೇ ಹಾಕಬೇಕು. ಆಗ ಶೇ. 12ರ 3 ವರ್ಷದ ಸಾಲ ನಿಜದಲ್ಲಿ ಶೇ. 13.4 ಆಗುತ್ತದೆ. ಅದೇ ಫೀ, ಅದೇ ದರದಲ್ಲಿ ಒಂದೇ ವರ್ಷದ ಸಾಲವಾದರೆ ಶೇ. 16ರ ಹತ್ತಿರ. ಬೇಗ ತೀರಿಸುವವರು ದರಕ್ಕಿಂತ ಫೀಯ ಮೇಲೆ ಹೆಚ್ಚು ಚೌಕಾಶಿ ಮಾಡಬೇಕು. ಸಾಲದ ಜೊತೆ ವಿಮೆ ಸೇರಿಸಿ ಅದರ ಕಂತನ್ನೂ ಅಸಲಿಗೆ ಕೂಡಿಸುವುದುಂಟು. ಅದನ್ನೂ ಕಳೆದೇ ಲೆಕ್ಕ ಹಾಕಿ.

ಪ್ರಶ್ನೆ: ಟೈಲ್ಸ್, ಬಚ್ಚಲುಮನೆಯ ಫಿಟ್ಟಿಂಗುಗಳಿಗೆ ಅಂಗಡಿಯಲ್ಲೇ ಬಡ್ಡಿಯಿಲ್ಲದ 12 ಕಂತು ಕೊಡುತ್ತಾರೆ. ಬಿಟ್ಟಿ ಸಾಲ ಯಾಕೆ ಬಿಡಬೇಕು?

ಉತ್ತರ: ಮೊದಲು 'ಒಂದೇ ಸಲ ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತೀರಿ?' ಎಂದು ಕೇಳಿ. ಕಂತಿನ ಮಾತೆತ್ತದೆ ಕೇಳಬೇಕು, ಆಮೇಲೆ ಕೇಳಿದರೆ ರಿಯಾಯಿತಿ ಮಾಯವಾಗಿರುತ್ತದೆ. 1 ಲಕ್ಷದ ಸಾಮಾನಿಗೆ ನಗದಾದರೆ 94 ಸಾವಿರ ಅಂದರು ಎಂದಿಟ್ಟುಕೊಳ್ಳಿ. ಆಗ 8,333ರ 12 ಕಂತಿನಲ್ಲಿ ನೀವು 94 ಸಾವಿರದ ಸಾಲ ತೀರಿಸುತ್ತಿದ್ದೀರಿ; ಬಡ್ಡಿ ಶೇ. 11.6. ನಿಜಕ್ಕೂ ರಿಯಾಯಿತಿ ಇಲ್ಲದಿದ್ದರೆ, ಪ್ರೊಸೆಸಿಂಗ್ ಫೀಯೂ ಇಲ್ಲದಿದ್ದರೆ ಕಂತು ತೆಗೆದುಕೊಳ್ಳಿ, ತಪ್ಪಿಲ್ಲ.

ಆದರೆ ಇದು ಕ್ರೆಡಿಟ್ ಕಾರ್ಡಿನ ಮೇಲೆ ಬರುವ ಕಂತಾದರೆ ಎಚ್ಚರ. ಒಂದು ತಿಂಗಳು ಬಿಲ್ಲು ಪೂರ್ತಿ ಕಟ್ಟಲಾಗದೆ 'ಕನಿಷ್ಠ ಮೊತ್ತ' ಕಟ್ಟಿದಿರೋ, ಉಳಿದ ಬಾಕಿಗಷ್ಟೇ ಅಲ್ಲ, ಸಾಮಾನ್ಯವಾಗಿ ಆಮೇಲೆ ಉಜ್ಜಿದ ಪ್ರತಿ ಖರ್ಚಿಗೂ ಆ ದಿನದಿಂದಲೇ ಬಡ್ಡಿ ಶುರುವಾಗುತ್ತದೆ. ತಿಂಗಳಿಗೆ ಶೇ. 3 ಅಂದರೆ ಕೇಳಲು ಸಣ್ಣದು. ವರ್ಷಕ್ಕೆ ಚಕ್ರಬಡ್ಡಿ ಸೇರಿ ಶೇ. 42.6.

ಪ್ರಶ್ನೆ: 4 ಲಕ್ಷ ಬೇಕು. 5 ವರ್ಷದ ಎರಡು ಎಫ್‌ಡಿಗಳಿವೆ, ತಲಾ 5 ಲಕ್ಷ, ಎರಡಕ್ಕೂ ಶೇ. 7. ಒಂದು ಮುಗಿಯಲು 3 ತಿಂಗಳಿದೆ, ಇನ್ನೊಂದು ಇಟ್ಟು 2 ತಿಂಗಳಾಯಿತು. ಮುರಿಸುವುದೋ, ಅದರ ಮೇಲೆ ಸಾಲ ಪಡೆಯುವುದೋ? ಅವಧಿಗೆ ಮುಂಚೆ ಮುರಿಸಿದರೆ ಶೇ. 1 ಕಡಿತ, ಸಾಲಕ್ಕೆ ಶೇ. 8.5 ಬಡ್ಡಿಯಂತೆ.

ಉತ್ತರ: ಹಳೆಯದನ್ನು ಮುರಿಸಬೇಡಿ, ಅದರ ಮೇಲೆ ಸಾಲ ಪಡೆಯಿರಿ. ಮುರಿಸಿದರೆ ಶೇ. 1ರ ಕಡಿತ ಹಿಂದಿನ 4 ವರ್ಷ 9 ತಿಂಗಳಿಗೆಲ್ಲ ಅನ್ವಯವಾಗುತ್ತದೆ. ಸರಳ ಬಡ್ಡಿಯಲ್ಲೇ 23,750 ಹೋಗುತ್ತದೆ. ಸಾಲ ಪಡೆದರೆ 3 ತಿಂಗಳಿಗೆ 4 ಲಕ್ಷದ ಮೇಲೆ 8,500 ಬಡ್ಡಿ ಕೊಡುತ್ತೀರಿ, ಅಷ್ಟೇ ಮೊತ್ತಕ್ಕೆ ಎಫ್‌ಡಿಯಲ್ಲಿ 7,000 ಬರುತ್ತಿರುತ್ತದೆ. ನಿಜವಾದ ಹೊರೆ 1,500. ಮೂರು ತಿಂಗಳ ನಂತರ ಎಫ್‌ಡಿಯಿಂದಲೇ ಸಾಲ ಚುಕ್ತಾ.

ಮೊದಲನೆಯದನ್ನು ಬೇರೆ ಕಾರಣಕ್ಕೆ ಎತ್ತಿಟ್ಟಿದ್ದೀರಿ ಎಂದಾದರೆ ಹೊಸದನ್ನು ಮುರಿಸಿ, ಅದರ ಮೇಲೆ ಸಾಲ ಬೇಡ. ಎರಡು ತಿಂಗಳ ಬಡ್ಡಿ ಪೂರ್ತಿ ಹೋದರೂ ನಷ್ಟ 5,833, ಒಂದೇ ಸಲ. ಉಳಿದ 58 ತಿಂಗಳು ಅದರ ಮೇಲೆ ಸಾಲ ಇಟ್ಟುಕೊಂಡರೆ ಶೇ. 1.5ರ ಅಂತರದ ಹೊರೆ ಪ್ರತಿ ವರ್ಷ 6,000.

ಪ್ರಶ್ನೆ: ಗುತ್ತಿಗೆದಾರರು 5 ಲಕ್ಷದ ಅಂದಾಜು ಕೊಟ್ಟಿದ್ದಾರೆ. ಅಷ್ಟನ್ನೇ ಸಾಲ ತೆಗೆಯುವುದೋ, ಸ್ವಲ್ಪ ಜಾಸ್ತಿ ತೆಗೆದಿಡುವುದೋ? ಪರಿಚಯದವರೊಬ್ಬರಿಗೆ ಅರ್ಧದಲ್ಲಿ ದುಡ್ಡು ಮುಗಿದು ಎರಡನೇ ಸಾಲ ಮಾಡಬೇಕಾಯಿತು.

ಉತ್ತರ: ಸಾಲ ಅಂದಾಜಿನಷ್ಟಕ್ಕೇ ಇರಲಿ, ಅದರ ಮೇಲಿನ ಶೇ. 15ರಿಂದ 20 ಕೈದುಡ್ಡಿನಲ್ಲಿ ಬೇರೆಯೇ ಇರಲಿ. ಆ ಹೆಚ್ಚುವರಿಯನ್ನೂ ಸಾಲವಾಗಿಯೇ ತಂದರೆ ಅದು ಉಳಿಯುವುದಿಲ್ಲ. ದುಡ್ಡಿದೆಯೆಂದು ಗೊತ್ತಾದರೆ ಟೈಲ್ಸ್ ಒಂದು ದರ್ಜೆ ಮೇಲಕ್ಕೆ ಹೋಗುತ್ತದೆ.

ದುಡ್ಡು ಅರ್ಧದಲ್ಲಿ ಮುಗಿಯುವುದು ಯಾಕೆಂದರೆ, ಅಂದಾಜು ಪಟ್ಟಿ ಕಣ್ಣಿಗೆ ಕಾಣುವುದನ್ನು ಅಳೆಯುತ್ತದೆ, ಖರ್ಚು ಕಾಣದಿರುವುದರಲ್ಲಿ ಇರುತ್ತದೆ. ಹಳೆ ಟೈಲ್ಸ್ ಕಿತ್ತಾಗ ಕೆಳಗಿನ ಗಾರೆಯೂ ಎದ್ದು ಬರುತ್ತದೆ. ಗೋಡೆ ಕೆತ್ತಿದರೆ ಕಬ್ಬಿಣದ ಪೈಪು ಒಳಗೇ ಕಟ್ಟಿಕೊಂಡು ಬೆರಳು ತೂರದಷ್ಟಾಗಿರುತ್ತದೆ. ಒಂದು ಸ್ವಿಚ್ಚು ಸರಿಸಲು ಹೋದರೆ ವೈರಿನ ಮೇಲಿನ ಹೊದಿಕೆ ಮುಟ್ಟಿದ ಕಡೆಯೆಲ್ಲ ಪುಡಿ. ಒಡೆದ ಮಣ್ಣುಗಾರೆ ಸಾಗಿಸುವ ಖರ್ಚನ್ನು ಅರ್ಧಕ್ಕರ್ಧ ಪಟ್ಟಿಗಳು ಬರೆದೇ ಇರುವುದಿಲ್ಲ. ಹೊಸ ನೆಲ ಹಳೆಯದರ ಮೇಲೆ ಕೂತರೆ ಬಾಗಿಲುಗಳ ತಳ ಕೊಯ್ಯಬೇಕು, ಅದೂ ಪಟ್ಟಿಯಲ್ಲಿಲ್ಲ.

ಇವೆಲ್ಲ ಬಯಲಾಗುವುದು ಮೊದಲ ವಾರಗಳಲ್ಲಿ, ಒಡೆಯುವಾಗ. ಹಾಗಾಗಿ ಹಣದ ದೊಡ್ಡ ತೀರ್ಮಾನಗಳನ್ನು ಒಡೆದಾದ ಮೇಲಕ್ಕೆ ಇಟ್ಟುಕೊಳ್ಳಿ. ಕೆಲಸದ ಕ್ರಮ ಇದು: ಒಡೆಯುವುದು, ಕಟ್ಟುವುದು, ಪೈಪು, ವೈರಿಂಗ್, ವಾಟರ್‌ಪ್ರೂಫಿಂಗ್, ಗಿಲಾವು, ಟೈಲ್ಸ್, ಮರಗೆಲಸ, ಬಣ್ಣ, ಕೊನೆಗೆ ಫಿಟ್ಟಿಂಗು, ದೀಪ. ಹಣ ಕಡಿಮೆ ಬಿದ್ದರೆ ಮರಗೆಲಸದಿಂದ ಮುಂದಿನದನ್ನು ಆರು ತಿಂಗಳು ತಳ್ಳಬಹುದು. ಶೆಲ್ಫಿಗೆ ಬಾಗಿಲಿಲ್ಲದಿದ್ದರೂ ಅಡುಗೆ ನಡೆಯುತ್ತದೆ. ಬೀರುಗಳಿಗೆ ಮೊದಲೇ ಮುಂಗಡ ಕೊಟ್ಟು, ಪೈಪಿಗೆ ದುಡ್ಡಿಲ್ಲದೆ ಹಳೆಯದರ ಮೇಲೇ ಹೊಸ ಟೈಲ್ಸ್ ಹಾಕಿಸಿದವರು ಎರಡು ವರ್ಷದಲ್ಲಿ ಅದೇ ಟೈಲ್ಸ್ ಒಡೆಸುತ್ತಾರೆ.

ಒಂದಕ್ಕೆ ಮಾತ್ರ ಪೂರ್ತಿ ಹಣ ಮೊದಲೇ ಸಿದ್ಧವಿರಬೇಕು, ಟೈಲ್ಸ್‌ಗೆ. ಅರ್ಧ ಈಗ, ಉಳಿದದ್ದು ಸಂಬಳ ಬಂದ ಮೇಲೆ ಅಂದರೆ ಬ್ಯಾಚ್ ಬದಲಾಗಿ ಬಣ್ಣದಲ್ಲಿ ಎಳೆಯಷ್ಟು ವ್ಯತ್ಯಾಸ ಬರುತ್ತದೆ. ನೆಲದಲ್ಲಿ ಅದು ಗೆರೆ ಹೊಡೆದಂತೆ ಕಾಣುತ್ತದೆ. 12 ಅಡಿಗೆ 15 ಅಡಿ ಕೋಣೆ 180 ಚದರಡಿ. ಕತ್ತರಿಸುವಾಗ ಹಾಳಾಗುವುದಕ್ಕೆ ಶೇ. 10 ಸೇರಿಸಿ 198. ಎರಡಡಿ ಚೌಕದ ಟೈಲ್ಸ್ ಆದರೆ 50. ಪೆಟ್ಟಿಗೆಗೆ 4ರಂತೆ 13 ಪೆಟ್ಟಿಗೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಹಾಕಿಸುವುದಾದರೆ ಶೇ. 15 ಸೇರಿಸಿ. ಪೆಟ್ಟಿಗೆಗಳ ಮೇಲಿನ ಬ್ಯಾಚ್ ಸಂಖ್ಯೆ, ಶೇಡ್ ಸಂಖ್ಯೆ ಎಲ್ಲದರಲ್ಲೂ ಒಂದೇ ಇದೆಯೇ ಎಂದು ಇಳಿಸುವಾಗಲೇ ನೋಡಿ.

ಸಾಲದ ಹಣವನ್ನು ಒಟ್ಟಿಗೆ ಎತ್ತಬೇಡಿ. 5 ಲಕ್ಷ ಶೇ. 12ಕ್ಕೆ ಅಂದರೆ ಮೊದಲ ತಿಂಗಳೇ 5,000 ಬಡ್ಡಿ. ಹೊಸ ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರುಣಿಸಬೇಕು, ಹೊಸ ಗಿಲಾವು ಒಣಗಲು ಬಣ್ಣಕ್ಕೆ ಮುಂಚೆ ಸುಮಾರು 28 ದಿನ ಬೇಕು. ಅವಸರ ಮಾಡಿದರೆ ಬಣ್ಣ ಪೊರೆಪೊರೆಯಾಗಿ ಏಳುತ್ತದೆ. ಆ ದಿನಗಳಲ್ಲೆಲ್ಲ ಖಾತೆಯಲ್ಲಿ ಸುಮ್ಮನೆ ಬಿದ್ದ ದುಡ್ಡಿಗೆ ನೀವು ಬಡ್ಡಿ ಕಟ್ಟುತ್ತಿರುತ್ತೀರಿ. ಹಂತಹಂತವಾಗಿ ಬಿಡುಗಡೆ ಮಾಡುವ ಸಾಲ ಕೇಳಿ, ಇಲ್ಲವೇ ಬಳಸಿದಷ್ಟಕ್ಕೆ ದಿನದ ಲೆಕ್ಕದಲ್ಲಿ ಬಡ್ಡಿ ಹಾಕುವ ಓವರ್‌ಡ್ರಾಫ್ಟ್ ಸಿಗುತ್ತದೆಯೇ ನೋಡಿ. ಓವರ್‌ಡ್ರಾಫ್ಟ್‌ನಲ್ಲಿ ಅಸಲು ತೀರಿಸುವಂತೆ ಯಾರೂ ಬೆನ್ನು ಹತ್ತುವುದಿಲ್ಲ, ಅದೇ ಅದರ ಅಪಾಯ. ಕೆಲಸ ಮುಗಿದ ತಿಂಗಳಿಂದಲೇ ನಿಮಗೆ ನೀವೇ ಕಂತು ಹಾಕಿಕೊಳ್ಳಬೇಕು.

ಗುತ್ತಿಗೆದಾರರಿಗೂ ಹಂತಹಂತವಾಗಿಯೇ ಕೊಡಿ. ಒಂದು ಮಾದರಿ: ಮುಂಗಡ ಶೇ. 10, ಒಡೆದು ಕಟ್ಟುವ ಕೆಲಸ ಮುಗಿದಾಗ 25, ಪೈಪು, ವೈರಿಂಗು ಪರೀಕ್ಷೆಯಾದ ಮೇಲೆ 25, ಗಿಲಾವು, ಟೈಲ್ಸ್ ಆದಾಗ 20, ಬಣ್ಣ, ಫಿಟ್ಟಿಂಗು ಮುಗಿದಾಗ 10, ಉಳಿದ 10 ಒಂದು ಜೋರು ಮಳೆ ಕಂಡ ಮೇಲೆ. ಮಳೆಗಾಲ ದೂರವಿದ್ದರೆ ತಾರಸಿಯ ಕೊಳವೆ ಮುಚ್ಚಿ ನೀರು ನಿಲ್ಲಿಸಿ ನೋಡಿ. ಬಚ್ಚಲುಮನೆಯಲ್ಲೂ ವಾಟರ್‌ಪ್ರೂಫಿಂಗ್ ಆದೊಡನೆ, ಟೈಲ್ಸ್ ಹಾಕುವ ಮುನ್ನ, ಎರಡಿಂಚು ನೀರು 48 ಗಂಟೆ ನಿಲ್ಲಿಸಿ ಕೆಳಗಿನ ಸೀಲಿಂಗಿನಲ್ಲಿ ತೇವ ಬಂದಿದೆಯೇ ನೋಡಬೇಕು. ಪೈಪುಗಳನ್ನು ಗೋಡೆಯೊಳಗೆ ಮುಚ್ಚುವ ಮೊದಲು ಪಂಪು ಹಚ್ಚಿ, ಬಳಕೆಯ ಒತ್ತಡದ ಒಂದೂವರೆ ಪಟ್ಟು ಏರಿಸಿ, ಮೀಟರಿನ ಮುಳ್ಳು ಇಳಿಯುತ್ತದೆಯೇ ಎಂದು ಒಂದೆರಡು ಗಂಟೆ ಕಾಯಬೇಕು. ಹಣ ಕೊಟ್ಟ ಮೇಲೆ ಪರೀಕ್ಷೆ ಮಾಡಿದರೆ ಅದು ಬರೀ ಕುತೂಹಲ.

ಪ್ರಶ್ನೆ: ಶೇ. 12ರ, 5 ವರ್ಷದ 5 ಲಕ್ಷದ ಸಾಲಕ್ಕೆ ಒಂದು ವರ್ಷ ಕಂತು ಕಟ್ಟಿದ್ದೇನೆ. ಈಗ 1 ಲಕ್ಷ ಬೋನಸ್ ಬಂದಿದೆ. ಸಾಲಕ್ಕೆ ಕಟ್ಟಿದರೆ ಕಂತು ಇಳಿಸುವುದೋ, ಅವಧಿ ಇಳಿಸುವುದೋ ಎಂದು ಬ್ಯಾಂಕಿನವರು ಕೇಳುತ್ತಿದ್ದಾರೆ.

ಉತ್ತರ: ಈಗಿನ ಕಂತು ಭಾರವಾಗಿಲ್ಲದಿದ್ದರೆ ಅವಧಿ ಇಳಿಸಿ. ನಿಮ್ಮ ಬಾಕಿ ಈಗ 4.22 ಲಕ್ಷದ ಆಸುಪಾಸು. ಲಕ್ಷ ಕಟ್ಟಿದರೆ 3.22. ಕಂತು 11,122ರಲ್ಲೇ ಇಟ್ಟರೆ 48 ತಿಂಗಳ ಬದಲು 35ಕ್ಕೆ ಮುಗಿಯುತ್ತದೆ, ಉಳಿಯುವ ಬಡ್ಡಿ ಸುಮಾರು 51 ಸಾವಿರ. ಅವಧಿ ಹಾಗೇ ಇಟ್ಟು ಕಂತನ್ನು 8,489ಕ್ಕೆ ಇಳಿಸಿಕೊಂಡರೆ ಉಳಿಯುವುದು 26 ಸಾವಿರ. ಕೆಲಸದ ಭದ್ರತೆ ಬಗ್ಗೆ ಅನುಮಾನವಿದ್ದರೆ ಮಾತ್ರ ಎರಡನೆಯದು. ಆರು ತಿಂಗಳ ಖರ್ಚಿನ ಗಂಟು ರಿಪೇರಿಯಲ್ಲಿ ಕರಗಿಹೋಗಿದ್ದರೆ ಈ ಲಕ್ಷವನ್ನು ಸಾಲಕ್ಕೆ ಕಟ್ಟಲೇಬೇಡಿ, ಮೊದಲು ಗಂಟು ತುಂಬಿಸಿ.

ಪ್ರಶ್ನೆ: ಎರಡು ವರ್ಷದಲ್ಲಿ ಮನೆ ಮಾರುವ ಯೋಚನೆಯಿದೆ. ಸಾಲ ಮಾಡಿಯಾದರೂ ಅಡುಗೆಮನೆ, ನೆಲ ಹೊಸದು ಮಾಡಿಸಿದರೆ ಬೆಲೆ ಬರುತ್ತದೆ ಅನ್ನುತ್ತಾರೆ.

ಉತ್ತರ: ಹಾಕಿದಷ್ಟು ಬೆಲೆಯಲ್ಲಿ ವಾಪಸು ಬರುತ್ತದೆಂದು ನಂಬಿ ಸಾಲ ಮಾಡಬೇಡಿ. ಕೊಳ್ಳುವವರಿಗೆ ಅವರದೇ ರುಚಿ ಇರುತ್ತದೆ, ನಿಮ್ಮ ಹೊಸ ಅಡುಗೆಮನೆಯನ್ನೇ ಒಡೆಸಬಹುದು. ಸೋರಿಕೆ ನಿಲ್ಲಿಸಿ, ತೇವದ ಕಲೆ ಹೋಗಲಾಡಿಸಿ, ಕೆಟ್ಟ ನಲ್ಲಿ, ಸ್ವಿಚ್ಚು ಬದಲಿಸಿ, ತಿಳಿಬಣ್ಣ ಒಂದು ಕೈ ಬಳಿಸಿ. ಇಷ್ಟೂ ಕೈದುಡ್ಡಿನಲ್ಲಿ ಆಗುವಂಥದ್ದು.

ಪ್ರಶ್ನೆ: ಅಣ್ಣ ಬಡ್ಡಿಯಿಲ್ಲದೆ 3 ಲಕ್ಷ ಕೊಡುತ್ತೇನೆ ಅನ್ನುತ್ತಿದ್ದಾನೆ. ಪತ್ರ ಗಿತ್ರ ಬೇಡ, ಆದಾಗ ಕೊಡು ಅಂದಿದ್ದಾನೆ. ತೆಗೆದುಕೊಳ್ಳಬಹುದೇ?

ಉತ್ತರ: ತೆಗೆದುಕೊಳ್ಳಿ, ಆದರೆ 'ಆದಾಗ' ಎಂಬ ಮಾತು ಮಾತ್ರ ಬೇಡ. ಹಣ ಖಾತೆಯಿಂದ ಖಾತೆಗೆ ಬರಲಿ, ನಗದು ಬೇಡ. ಒಂದು ಹಾಳೆಯಲ್ಲಿ ಮೊತ್ತ, ತಾರೀಖು, ತಿಂಗಳಿಗೆ ಎಷ್ಟು ಎಂದು ಬರೆದು ಇಬ್ಬರೂ ಸಹಿ ಹಾಕಿ. ಅತ್ತಿಗೆಗೂ ನಿಮ್ಮ ಮನೆಯವರಿಗೂ ಅದು ಗೊತ್ತಿರಲಿ. ತಿಂಗಳಿಗೆ 10 ಸಾವಿರದಂತೆ ಕೊಟ್ಟರೆ 30 ತಿಂಗಳು. ಕಂತು ಸಂಬಳದ ಮರುದಿನವೇ ತಾನಾಗಿ ಅವರ ಖಾತೆಗೆ ಹೋಗುವ ಏರ್ಪಾಡು ಮಾಡಿಬಿಟ್ಟರೆ, ಹಬ್ಬಕ್ಕೆ ಸೇರಿದಾಗ ಯಾರೂ ಯಾರ ಮುಖವನ್ನೂ ತಪ್ಪಿಸಬೇಕಾಗುವುದಿಲ್ಲ. ಅಣ್ಣನಿಗೆ ಆ ದುಡ್ಡು ನಡುವೆಯೇ ಬೇಕಾಗುವ ಸಂದರ್ಭ, ಮಕ್ಕಳ ಫೀಸೋ ಮತ್ತೊಂದೋ, ಮುಂದೆ ಇದೆಯೇ ಎಂದು ಈಗಲೇ ಕೇಳಿ. ಇದೆ ಅಂದರೆ ಅಷ್ಟರೊಳಗೆ ತೀರಿಸಬಹುದಾದಷ್ಟನ್ನು ಮಾತ್ರ ಪಡೆದು, ಉಳಿದದ್ದಕ್ಕೆ ಬ್ಯಾಂಕಿಗೆ ಹೋಗಿ.